ತೊಂಬತ್ತೆಂಟರೊಳಗೆ ಹೋಗಿಬಂದ ಫೈಲುಗಳು

ಈ ರಾಜ್ಯೋತ್ಸವ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ವಿಂಡೋಸ್ 10 ಕೂಡ ಹಳೆಯದಾಗಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 98 ಈ ದಾರಿ ಹಿಡಿದದ್ದು 2006ರ ಜುಲೈ 11ರಂದು, ಎಕ್ಸ್‌ಪಿ 2014ರ ಏಪ್ರಿಲ್ 8ರಂದು, ವಿಂಡೋಸ್ 7 2020ರ ಜನವರಿ 14ರಂದು. ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ಐಟಿಪಿಎಲ್ ಸುತ್ತಮುತ್ತಲಿನ ಕಚೇರಿಗಳಲ್ಲಿ ದುಡಿಯುವ ನಮಗೆ ಇವು ಬಾಯಿಪಾಠವಾದ ದಿನಾಂಕಗಳು. ಗ್ರಾಹಕರ ಸರ್ವರುಗಳನ್ನು ಯಾವಾಗ ಬದಲಿಸಬೇಕು, ಯಾವ ಹಳೆಯ ತಂತ್ರಾಂಶವನ್ನು ವರ್ಚುವಲ್ ಮಷಿನ್ನಿನಲ್ಲಿಟ್ಟು ಇನ್ನಷ್ಟು ವರ್ಷ ಓಡಿಸಬೇಕು ಎಂಬುದನ್ನು ಈ ದಿನಾಂಕಗಳ ಮೇಲೆಯೇ ತೀರ್ಮಾನಿಸುತ್ತೇವೆ. ಒಂದೊಂದು ದಿನಾಂಕ ದಾಟಿದಾಗಲೂ ಕನ್ನಡದಲ್ಲಿ ಬರೆದಿಟ್ಟದ್ದರ ಗತಿ ಏನಾಯಿತು? ಈ ಸಲದ ಸಿಂಹಾವಲೋಕನ ಅದರ ಬಗ್ಗೆ.

ಇದಕ್ಕೊಂದು ನೇರ ಕಾರಣವಿದೆ. ನಮ್ಮ ಬಳಗದ ಹಳೆಯ ಸಂಚಿಕೆಗಳನ್ನೆಲ್ಲ ಹುಡುಕಿ ಓದುವಂತೆ ಮಾಡಬೇಕೆಂದು ವರ್ಷದ ಆರಂಭದಲ್ಲಿ ಗೊತ್ತುಮಾಡಿಕೊಂಡೆವು. 2008ಕ್ಕಿಂತ ಹಿಂದಿನವು ಚಾಮರಾಜಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ 6.5ರಲ್ಲಿ ಕಟ್ಟಿದ ಪುಟಗಳು. ಫ್ಲಾಪಿ, ಸಿಡಿಗಳ ಒಂದು ರಟ್ಟಿನ ಪೆಟ್ಟಿಗೆ ಬಳಗದ ಹಿರಿಯ ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿತ್ತು. ಫ್ಲಾಪಿಗಳಿಂದ ಫೈಲುಗಳನ್ನು ಓದಿಕೊಳ್ಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್ ಎಸ್.ಪಿ. ರಸ್ತೆಯಲ್ಲಿ ಇಂದಿಗೂ ಸಿಗುತ್ತದೆ. ಕಷ್ಟ ಶುರುವಾದದ್ದು ಫೈಲು ಕೈಗೆ ಬಂದ ಮೇಲೆ.

ಆ ಕಾಲದ ಕನ್ನಡ ಫೈಲಿನೊಳಗೆ ಏನಿರುತ್ತದೆಂದು ಹೊಸ ಪೀಳಿಗೆಯ ಓದುಗರಿಗೆ ಹೇಳಬೇಕು. ಆಗಿನ ಬರಹ, ನುಡಿ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ತಂತ್ರಾಂಶಗಳೆಲ್ಲವೂ ಕನ್ನಡದ ಅಕ್ಷರಚೂರುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಲ್ಲಿ ಕೂರಿಸುತ್ತಿದ್ದವು. ನುಡಿಯ ಫೈಲಿನಲ್ಲಿ ‘ಕ’ ಎಂಬ ಒಂದೇ ಅಕ್ಷರವಿಲ್ಲ. ಅದರ ಒಡಲು ಇಂಗ್ಲಿಷಿನ ‘ಪಿ’ಯ ಸ್ಥಾನದಲ್ಲಿದೆ, ತಲೆಕಟ್ಟು ಫ್ರೆಂಚರು ಬಳಸುವ, ಮೇಲೆ ಓರೆಗೆರೆಯಿರುವ ‘ಎ’ಯ ಸ್ಥಾನದಲ್ಲಿದೆ. ಒತ್ತಕ್ಷರಗಳಿಗೆ ಮತ್ತೆ ಬೇರೆ ಸ್ಥಾನಗಳು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಮೇಲಾಗಿ ಒಂದು ಕಂಪನಿಯ ಫಾಂಟಿನ ಕೋಷ್ಟಕ ಇನ್ನೊಂದರದ್ದಕ್ಕೆ ಹೊಂದುತ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ಎಕ್ಸ್‌ಪಿಯ ಜೊತೆ ತುಂಗಾ ಫಾಂಟೂ ಬಂತು. ಆದರೆ ಅಚ್ಚಿನ ಮನೆಗೆ ಅದು ತಲುಪಲಿಲ್ಲ. ಪೇಜ್‌ಮೇಕರ್ ಕೊನೆಯವರೆಗೂ, ಅಂದರೆ 2001ರ 7.0 ಆವೃತ್ತಿಯವರೆಗೂ, ಕನ್ನಡದ ಯೂನಿಕೋಡನ್ನು ಕೂಡಿಸಲು ಕಲಿಯಲಿಲ್ಲ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕನ್ನಡವನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಸಿಎಸ್6ರಲ್ಲಿ. ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದೂ ಅದೇ 2012ರಲ್ಲಿ.

ಸಿಎಸ್6ರ ಇನ್ನೊಂದು ಗುಣವನ್ನು ಗಮನಿಸಬೇಕು. ಪೇಜ್‌ಮೇಕರ್ ಫೈಲುಗಳನ್ನು ನೇರವಾಗಿ ತೆರೆಯಬಲ್ಲ ಕೊನೆಯ ಇನ್‌ಡಿಸೈನ್ ಅದೇ. ಹೊಸದಕ್ಕೆ ಬಾಗಿಲು ತೆರೆದ ಆವೃತ್ತಿಯ ಬೆನ್ನಿಗೇ ಹಳೆಯದರ ಬಾಗಿಲು ಮುಚ್ಚಿತು. ನಡುವಿನ ಆ ಕಿಂಡಿಯಲ್ಲಿ ದಾಟಿಕೊಂಡವರು ಉಳಿದರು. ದಾಟದೆ ಉಳಿದ ಸ್ಮರಣ ಸಂಚಿಕೆಗಳು, ಜಿಲ್ಲಾ ಪತ್ರಿಕೆಗಳು, ಸಣ್ಣ ಪ್ರಕಾಶಕರ ಪುಸ್ತಕಗಳು, ಅಭಿನಂದನ ಗ್ರಂಥಗಳು ಸುಮಾರು ಎರಡು ದಶಕದ ಕನ್ನಡ. ಅವನ್ನು ಕಟ್ಟಿದಂತೆಯೇ ನೋಡಬೇಕಾದರೆ ಪೇಜ್‌ಮೇಕರ್ ಬೇಕು, ಅದೇ ಫಾಂಟುಗಳು ಬೇಕು, ಅವೆರಡೂ ತಕರಾರಿಲ್ಲದೆ ಓಡುವ ವಿಂಡೋಸ್ 98 ಅಥವಾ ಎಕ್ಸ್‌ಪಿ ಬೇಕು. ಆದ್ದರಿಂದಲೇ ವಿಎಂ, ಅಂದರೆ ಇಂದಿನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮಷಿನ್.

ವಿಎಂ ಎಂಬ ಸೌಲಭ್ಯ ಸಾಮಾನ್ಯರ ಮೇಜಿಗೆ ಬಂದೂ ಕಾಲು ಶತಮಾನವಾಯಿತು. ವಿಎಂವೇರ್ ವರ್ಕ್‌ಸ್ಟೇಷನ್ ಮೊದಲು ಬಂದದ್ದು 1999ರಲ್ಲಿ. ಕ್ಯೂಎಮು 2003ರಲ್ಲಿ. ವರ್ಚುವಲ್‌ಬಾಕ್ಸ್ 2008ರಲ್ಲಿ ಸನ್ ಕಂಪನಿಗೆ, ಆಮೇಲೆ ಒರಾಕಲ್‌ಗೆ ಸೇರಿತು. 2024ರಿಂದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ ಪುಕ್ಕಟೆ. ಸಲಕರಣೆಯ ಕೊರತೆ ಯಾವತ್ತೂ ಇರಲಿಲ್ಲ. ವಿಂಡೋಸ್ 98ನ್ನು ವಿಎಂನಲ್ಲಿ ಕೂರಿಸುವುದೂ ಗೊತ್ತಿರುವ ಕೆಲಸವೇ. ಅದಕ್ಕೆ 512 ಎಂಬಿಗಿಂತ ಹೆಚ್ಚು ಮೆಮರಿ ಕೊಟ್ಟರೆ ತಡವರಿಸುತ್ತದೆ, 256 ಸಾಕು. ಕೆಲವು ಹೊಸ ಪ್ರೊಸೆಸರುಗಳ ಮೇಲೆ ಅದು ಏಳುವುದೇ ಇಲ್ಲ. ಆಗ 86ಬಾಕ್ಸ್‌ನಂಥ ಎಮ್ಯುಲೇಟರ್ ಹಿಡಿಯಬೇಕು. ಅದು ಪೆಂಟಿಯಂ ಕಾಲದ ಇಡೀ ಯಂತ್ರವನ್ನೇ ಅನುಕರಿಸುತ್ತದೆ. ನಿಧಾನ, ಆದರೆ ನಂಬಿಕಸ್ಥ.

ತೊಡಕಿರುವುದು ಆ ಯಂತ್ರದೊಳಕ್ಕೆ ಒಂದು ಫೈಲನ್ನು ಕಳಿಸುವುದರಲ್ಲಿ. ಇಂದಿನ ವಿಎಂಗಳಲ್ಲಿ ಫೈಲನ್ನು ಮೌಸಿನಿಂದ ಎಳೆದು ಒಳಗೆ ಬಿಟ್ಟರೆ ಮುಗಿಯಿತು. ಒಳಗಿನ ವಿಂಡೋಸಿನಲ್ಲಿ ಗೆಸ್ಟ್ ಅಡಿಷನ್ಸ್ ಎಂಬ ಸಹಾಯಕ ತಂತ್ರಾಂಶ ಇರುವುದರಿಂದ ಅದು ಸಾಧ್ಯ. ವರ್ಚುವಲ್‌ಬಾಕ್ಸ್‌ನಲ್ಲಿ ಆ ಸಹಾಯಕ 95ಕ್ಕೂ ಇಲ್ಲ, 98ಕ್ಕೂ ಇಲ್ಲ. ಪೆನ್‌ಡ್ರೈವ್ ಜೋಡಿಸೋಣವೆಂದರೆ 98ಕ್ಕೆ ಪೆನ್‌ಡ್ರೈವ್ ಎಂದರೇನೆಂದು ತಾನಾಗಿ ಗೊತ್ತಿಲ್ಲ, ಡ್ರೈವರ್ ಹಾಕಬೇಕು. ಆ ಡ್ರೈವರನ್ನು ಒಳಗೆ ಕಳಿಸುವುದು ಹೇಗೆ ಎಂಬಲ್ಲಿಗೆ ಮತ್ತೆ ಅದೇ ಪ್ರಶ್ನೆ. ಅದರ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಂದಿನ ಭದ್ರ ಸಂಪರ್ಕಗಳನ್ನು ಮಾಡಿಕೊಳ್ಳಲಾರದ್ದರಿಂದ ಗೂಗಲ್ ಡ್ರೈವ್, ಇಮೇಲ್ ಯಾವುದೂ ತೆರೆಯುವುದಿಲ್ಲ.

ನೆಟ್‌ವರ್ಕ್ ಹಂಚಿಕೆ ಒಂದು ಕಾಲಕ್ಕೆ ಅತ್ಯಂತ ಸಲೀಸಾದ ದಾರಿಯಾಗಿತ್ತು. 98 ಮಾತಾಡುವುದು ಎಸ್‌ಎಂಬಿ ಎಂಬ ಫೈಲು ಹಂಚಿಕೆಯ ಭಾಷೆಯ ಮೊದಲ ಆವೃತ್ತಿಯಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಆ ಆವೃತ್ತಿಯ ಬಿರುಕಿನಿಂದಲೇ. ಅದೇ ವರ್ಷದ ಕೊನೆಯ ವಿಂಡೋಸ್ 10 ಅಪ್‌ಡೇಟಿನಿಂದ ಹೊಸದಾಗಿ ಕೂರಿಸಿದ ಯಂತ್ರಗಳಲ್ಲಿ ಅದು ಇಲ್ಲ, 2019ರಲ್ಲಿ ಲಿನಕ್ಸ್‌ನ ಸಾಂಬಾ ಕೂಡ ಅದನ್ನು ತಾನಾಗಿ ಶುರುವಾಗದಂತೆ ಮಾಡಿತು. ಮತ್ತೆ ಚಾಲೂ ಮಾಡಿಕೊಳ್ಳಲು ಬರುತ್ತದೆ. ಮಾಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಹಳೆಯ ಸಂಚಿಕೆಗಾಗಿ ಮನೆಯ ಅಥವಾ ಕಚೇರಿಯ ನೆಟ್‌ವರ್ಕಿನ ಚಿಲಕ ತೆಗೆದಿಡುವ ಅಗತ್ಯವೇ ಇಲ್ಲ. ಬೆಂಬಲ ನಿಂತ ವಿಂಡೋಸನ್ನು ಇಂಟರ್ನೆಟ್ಟಿಗೆ ಜೋಡಿಸದಿರುವುದೇ ಕ್ಷೇಮ.

ನಮಗೆ ಕೊನೆಗೂ ಒದಗಿಬಂದದ್ದು ಎರಡು ಹಳೆಯ ದಾರಿಗಳು. ಮೊದಲನೆಯದು ಫ್ಲಾಪಿ ಇಮೇಜ್, ಅಂದರೆ 14,74,560 ಬೈಟುಗಳ ಒಂದು ಫೈಲು. ವಿಎಂ ಅದನ್ನು ನಿಜವಾದ ಫ್ಲಾಪಿ ಎಂದೇ ತಿಳಿಯುತ್ತದೆ. ಚಿಕ್ಕ ಡ್ರೈವರ್, ಫಾಂಟು, ಅನ್‌ಜಿಪ್ ಮಾಡುವ ತಂತ್ರಾಂಶ ಇವನ್ನೆಲ್ಲ ಹೀಗೆ ಒಳಗೆ ಕಳಿಸಬಹುದು. ದೊಡ್ಡದಕ್ಕೆ ಸಿಡಿ ಇಮೇಜ್. ಬೇಕಾದ ಫೋಲ್ಡರನ್ನೆಲ್ಲ ಐಎಸ್‌ಒ ಮಾಡಿ ವಿಎಂನ ಸಿಡಿ ಡ್ರೈವಿಗೆ ತೋರಿಸಿದರೆ ಒಳಗೆ ಡಿ ಡ್ರೈವಿನಲ್ಲಿ ಎಲ್ಲವೂ ಕಾಣುತ್ತದೆ. ಸಿಡಿ ಓದಲು ಮಾತ್ರ ಬರುವುದರಿಂದ ಮೂಲ ಫೈಲು ಕೆಡುವ ಭಯವೂ ಇಲ್ಲ. ಇಮೇಜ್ ಮಾಡುವಾಗ ಜೋಲಿಯಟ್ ಎಂಬ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಹೆಸರುಗಳೆಲ್ಲ ಎಂಟು ಅಕ್ಷರ, ಮೂರಕ್ಷರದ ಬಾಲಕ್ಕೆ ಕತ್ತರಿಸಿಹೋಗುತ್ತವೆ. ಇನ್ನೊಂದು ಸೂಕ್ಷ್ಮ: ಫೈಲಿಗೆ ಇಂದಿನ ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟು ಕಳಿಸಿದರೆ 98ರ ಪರದೆಯ ಮೇಲೆ ಆ ಹೆಸರಿನ ಜಾಗದಲ್ಲಿ ಬರಿಯ ಗೆರೆಗಳು ನಿಲ್ಲುತ್ತವೆ. ಹಾಗಾಗಿ ಹೆಸರುಗಳನ್ನು ಇಂಗ್ಲಿಷಿನಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇಟ್ಟೆವು. ಯಾವುದು ಯಾವ ವರ್ಷದ ಸಂಚಿಕೆ ಎಂಬುದಕ್ಕೆ ಹೊರಗೊಂದು ಪಟ್ಟಿ ಮಾಡಿಕೊಂಡೆವು.

ಎಫ್‌ಟಿಪಿಯೂ ಇದೆ. 95ರಿಂದಲೂ ವಿಂಡೋಸಿನ ಕಪ್ಪು ಪರದೆಯಲ್ಲಿ ಎಫ್‌ಟಿಪಿ ಆಜ್ಞೆ ಸಿಗುತ್ತದೆ. ವಿಎಂ ಹಾಗೂ ಅದನ್ನು ಹೊತ್ತ ಕಂಪ್ಯೂಟರ್ ನಡುವೆ ಮಾತ್ರ ನೆಟ್‌ವರ್ಕ್ ಕೊಟ್ಟು ಇದನ್ನು ಬಳಸಬಹುದು. ಆದರೆ ಮೊದಲು ‘ಬೈನರಿ’ ಎಂದು ಟೈಪಿಸದೆ ಫೈಲು ತರಿಸಿಕೊಂಡರೆ ಅದು ಫೈಲನ್ನು ಸಾದಾ ಪಠ್ಯವೆಂದು ಭಾವಿಸಿ ಸಾಲುಕೊನೆಯ ಗುರುತುಗಳನ್ನು ಬದಲಿಸಬಹುದು. ಪೇಜ್‌ಮೇಕರ್ ಫೈಲಿಗೆ ಅಷ್ಟು ಸಾಕು, ತೆರೆಯುವುದಿಲ್ಲ. ವಿಎಂ ಆರಿಸಿ ಅದರ ಡಿಸ್ಕನ್ನೇ ಹೊರಗಿನಿಂದ ಜೋಡಿಸಿಕೊಂಡು ಫೈಲು ಹಾಕುವ ಕ್ರಮವೂ ಚೆನ್ನ. ವಿಎಂ ಓಡುತ್ತಿರುವಾಗ ಮಾತ್ರ ಹಾಗೆ ಮಾಡಬಾರದು, ಎರಡು ಕೈಗಳು ಒಂದೇ ಡಿಸ್ಕಿನಲ್ಲಿ ಬರೆದರೆ ಇಡೀ ಡಿಸ್ಕೇ ಹಾಳಾಗುತ್ತದೆ.

ಫೈಲು ಒಳಗೆ ಹೋದ ತಕ್ಷಣ ತೆರೆಯುವ ಆತುರ ಬೇಡ. ಮೊದಲು ಫಾಂಟುಗಳನ್ನು ಕೂರಿಸಬೇಕು. ಫಾಂಟಿಲ್ಲದೆ ತೆರೆದರೆ ಪೇಜ್‌ಮೇಕರ್ ಒಂದು ಪುಟ್ಟ ಕಿಟಕಿ ತೆರೆದು, ಇಂಥ ಫಾಂಟಿಲ್ಲ, ಬದಲಿಗೆ ಇಂಥದ್ದನ್ನು ಹಾಕಲೇ ಎಂದು ಕೇಳುತ್ತದೆ. ಹೂಂ ಎಂದು ಒತ್ತಿ, ಆಮೇಲೆ ಸೇವ್ ಕೂಡ ಮಾಡಿದರೆ ಯಾವ ಸಾಲು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿಯೇ ಅಳಿಸಿಹೋಗಬಹುದು. ಶೀರ್ಷಿಕೆ ಒಂದು ಕಂಪನಿಯ ಫಾಂಟಿನಲ್ಲಿ, ಒಳಪಠ್ಯ ಇನ್ನೊಂದರಲ್ಲಿ ಇರುವ ಪುಟಗಳಲ್ಲಿ ಆ ಮಾಹಿತಿ ಹೋದರೆ ಪಠ್ಯವನ್ನು ಯೂನಿಕೋಡಿಗೆ ತಿರುಗಿಸಲು ಯಾವ ಕೋಷ್ಟಕ ಹಿಡಿಯಬೇಕೆಂಬುದೇ ತಿಳಿಯದು. ಸರಿಯಾದ ಫಾಂಟು ಕೂತು ಫೈಲು ತೆರೆದುಕೊಂಡಾಗ ಮಾತ್ರ ಪುಟ ಇದ್ದಂತೆಯೇ ಬರುತ್ತದೆ: ಎರಡು ಕಾಲಮ್ಮು, ನಡುವೆ ಸಣ್ಣ ಗೆರೆ, ಕವನದ ಪಕ್ಕ ರೇಖಾಚಿತ್ರ, ಪುಟದ ಬುಡದಲ್ಲಿ ಜಾಗ ತುಂಬಲು ಹಾಕಿದ ಒಂದು ಗಾದೆ.

ಒಳಗೆ ಕಳಿಸುವುದಕ್ಕಿಂತ ಹೊರಗೆ ತರುವುದು ಹೆಚ್ಚು ಎಚ್ಚರ ಬೇಡುವ ಕೆಲಸ. ಎರಡು ರೂಪದಲ್ಲಿ ತರಬೇಕೆಂದು ನಾವು ಕಂಡುಕೊಂಡೆವು. ಪುಟದ ಚೆಹರೆಗಾಗಿ, 98ರಲ್ಲಿ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರಿನ ಡ್ರೈವರ್ ಹಾಕಿ, ಅದರ ಪೋರ್ಟನ್ನು ‘ಫೈಲ್’ ಎಂದು ಬದಲಿಸಿ, ಮುದ್ರಣವನ್ನು ಕಾಗದದ ಬದಲು ಫೈಲಿಗೇ ಕಳಿಸುವುದು. ಹೊರಗೆ ತಂದು ಗೋಸ್ಟ್‌ಸ್ಕ್ರಿಪ್ಟ್‌ಗೆ ಕೊಟ್ಟರೆ ಪಿಡಿಎಫ್ ಆಗುತ್ತದೆ. ಹುಡುಕಿ ಓದುವುದಕ್ಕಾಗಿ, ಪಠ್ಯವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವುದು. ಇದಕ್ಕೆ ಕನ್ನಡದ ಉತ್ಸಾಹಿಗಳೇ ಬರೆದು ಎಲ್ಲರಿಗೂ ತೆರೆದಿಟ್ಟ ಪರಿವರ್ತಕಗಳಿವೆ. ಅವರ ಋಣ ದೊಡ್ಡದು. ಅರ್ಕಾವೊತ್ತು ಇರುವ ಪದಗಳನ್ನೂ ಒತ್ತಿನ ಮೇಲೆ ಒತ್ತು ಬರುವ ಸಂಸ್ಕೃತ ಪದಗಳನ್ನೂ ಮಾತ್ರ ಪರಿವರ್ತನೆಯ ನಂತರ ಮನುಷ್ಯರೇ ಕೂತು ಪ್ರೂಫ್ ನೋಡಬೇಕು.

ಇಲ್ಲಿ ಒಂದು ಅಪಾಯವಿದೆ. ಅದರ ಬಗ್ಗೆ ಹೇಳುವವರು ಕಡಿಮೆ. 98ರಿಂದ ತಂದ ಪಠ್ಯವನ್ನು ಇಂದಿನ ಎಡಿಟರಿನಲ್ಲಿ ತೆರೆಯುವಾಗ ಇದು ವಿಂಡೋಸ್-1252 ಸಂಕೇತದ್ದು ಎಂದು ಹೇಳಿಯೇ ತೆರೆಯಬೇಕು. ಎಡಿಟರು ಅದನ್ನು ಯುಟಿಎಫ್-8 ಎಂದು ತಾನೇ ಊಹಿಸಿಕೊಂಡು ತೆರೆದು ಹಾಗೆಯೇ ಸೇವ್ ಆದರೆ ಇಂಗ್ಲಿಷಿನ ಮೂಲ ಅಕ್ಷರಗಳ ಸ್ಥಾನದಲ್ಲಿ ಇದ್ದವು ಮಾತ್ರ ಉಳಿಯುತ್ತವೆ, ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಇದ್ದದ್ದೆಲ್ಲ ನಾಶವಾಗುತ್ತದೆ. ಕನ್ನಡದಲ್ಲಿ ಮೊದಲು ಬಲಿಯಾಗುವುದು ತಲೆಕಟ್ಟು. ಲೇಖನದುದ್ದಕ್ಕೂ ಒಡಲುಗಳಷ್ಟೇ ಉಳಿದು ತಲೆಕಟ್ಟುಗಳೆಲ್ಲ ಒಂದೇ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತವೆ. ಆಮೇಲೆ ಯಾವ ಪರಿವರ್ತಕವೂ ಅದನ್ನು ಹಿಂದಕ್ಕೆ ತರಲಾರದು. ಮೂಲ ಫೈಲು ಬೇರೆಡೆ ಭದ್ರವಾಗಿದ್ದರೆ ಮಾತ್ರ ಬಚಾವು. ಹೀಗಾಗಿ ಮೂಲವನ್ನು ಯಾರೂ ಮುಟ್ಟದಂತೆ ಇಟ್ಟು, ಪ್ರತಿ ವರ್ಗಾವಣೆಯ ನಂತರ ಎರಡು ಕಡೆಯ ಪ್ರತಿಗಳನ್ನು ಬೈಟಿಗೆ ಬೈಟು ಹೋಲಿಸಿ ನೋಡುವ ನಿಯಮ ಹಾಕಿಕೊಂಡೆವು. 98ರಲ್ಲೇ ಇರುವ ‘ಎಫ್‌ಸಿ’ ಆಜ್ಞೆ ಅದಕ್ಕೆ ಸಾಕು.

ಸಿಕ್ಕಿದ್ದು ಬಹುಪಾಲು. ಸಿಗದೇ ಉಳಿದದ್ದು ಎರಡು ಬಗೆಯವು. ಮಳೆಗಾಲಗಳ ತೇವಕ್ಕೆ ಬೂಸ್ಟು ಹಿಡಿದ ಫ್ಲಾಪಿಗಳು ಮೊದಲನೆಯವು. ಅದಕ್ಕೆ ಯಾರೇನು ಮಾಡಲಾದೀತು. ಎರಡನೆಯದು ಹೆಚ್ಚು ನೋವಿನದು: ಕೆಲವು ಕನ್ನಡ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ಶುರುವಾಗುತ್ತಿರಲಿಲ್ಲ. ಫೈಲು ಚೆನ್ನಾಗಿದೆ, ತಂತ್ರಾಂಶವಿದೆ, ಡಾಂಗಲ್ ಯಾರ ಬಳಿಯೂ ಇಲ್ಲ. ಇದ್ದರೂ ಇಂದಿನ ಲ್ಯಾಪ್‌ಟಾಪಿಗೆ ಆ ಪೋರ್ಟಿಲ್ಲ. ಕಳ್ಳನಕಲು ತಡೆಯಲು ಹಾಕಿದ ಬೀಗ ಈಗ ಬರೆದವರನ್ನೇ ಹೊರಗಿಟ್ಟಿದೆ. ಮಾರಾಟ ನಿಂತುಹೋದ ಕನ್ನಡ ತಂತ್ರಾಂಶಗಳ ಅಕ್ಷರ ಕೋಷ್ಟಕಗಳನ್ನಾದರೂ ಅವುಗಳ ಒಡೆಯರು ಬಹಿರಂಗಪಡಿಸಲಿ ಎಂದು ಈ ಅಂಕಣದ ಮೂಲಕ ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಅದರಿಂದ ಯಾರ ವ್ಯಾಪಾರಕ್ಕೂ ನಷ್ಟವಿಲ್ಲ.

ಈ ಮೂವತ್ತು ವರ್ಷಗಳಲ್ಲಿ ಎಲ್ಲ ಆಪರೇಟಿಂಗ್ ಸಿಸ್ಟಂಗಳನ್ನೂ ಧಕ್ಕೆಯಿಲ್ಲದೆ ದಾಟಿಬಂದ ಒಂದು ವಸ್ತುವಿದೆ, ಅದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಡಾಸ್ ಕಾಲದ ಸೇಡಿಯಾಪು ತಂತ್ರಾಂಶದಿಂದ ನುಡಿಗೆ, ಅಲ್ಲಿಂದ ಇಂದಿನ ಫೋನುಗಳಿಗೆ ಅದೇ ವಿನ್ಯಾಸ ಬಂದಿದೆ. ಕಾರಣ ಸರಳ: ರಾವ್ ಅದನ್ನು ತಮ್ಮದೆಂದು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಸರ್ಕಾರ ಅದನ್ನೇ ಶಿಷ್ಟತೆಯಾಗಿ ಒಪ್ಪಿತು. ಬೆರಳುಗಳಿಗೆ ಸಿಕ್ಕ ಈ ಭಾಗ್ಯ ಫಾಂಟುಗಳಿಗೆ ಸಿಕ್ಕಿದ್ದರೆ ಇವತ್ತು ಈ ಸಂಪಾದಕೀಯವೇ ಬೇಕಿರಲಿಲ್ಲ.

ನಮ್ಮ ಓದುಗರಲ್ಲಿ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರೂ ಇದ್ದಾರೆ. ಅವರಿಗೆ ಈ ಕಥೆ ಹೊಸದಲ್ಲ. ಸಿಎನ್‌ಸಿ ಯಂತ್ರ ಇಪ್ಪತ್ತೈದು ವರ್ಷ ಬಾಳುತ್ತದೆ, ಅದರ ಪಕ್ಕದ ಕಂಪ್ಯೂಟರಿನ ವಿಂಡೋಸ್ ಹತ್ತು ವರ್ಷ. ಹಳೆಯ ಕಂಟ್ರೋಲರುಗಳಿಗೆ ಪ್ರೋಗ್ರಾಂ ಕಳಿಸುವುದು ಇಂದಿಗೂ ಆರ್‌ಎಸ್-232 ಕೇಬಲ್ಲಿನಲ್ಲಿ, 9600 ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ. ಫ್ಲಾಪಿ ಡ್ರೈವಿನ ಜಾಗಕ್ಕೆ ಪೆನ್‌ಡ್ರೈವ್ ತಗುಲಿಸುವ ಗೋಟೆಕ್ ಪೆಟ್ಟಿಗೆ ಹಾಕಿಕೊಂಡವರು ಅನೇಕರು. ಒಳಗೆ ವಿಶೇಷ ಕಾರ್ಡು ಬೇಡುವ ಯಂತ್ರಕ್ಕೆ ವಿಎಂ ಕೂಡ ನೆರವಾಗುವುದಿಲ್ಲ. ಆದರೂ ಅಲ್ಲಿ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ನಿಂತರೆ ಅಂದೇ ನಷ್ಟ. ಬೆಂಗಳೂರಿನದೇ ಆದ ಟ್ಯಾಲಿ ತನ್ನ ಹಳೆಯ ಆವೃತ್ತಿಯ ಲೆಕ್ಕಗಳನ್ನು ಹೊಸದಕ್ಕೆ ದಾಟಿಸುವ ಸಲಕರಣೆಯನ್ನು ತಾನೇ ಕೊಟ್ಟಿತು. ಲೆಕ್ಕದ ಪುಸ್ತಕ ಕೇಳುವವರಿದ್ದರು. 2003ರ ಸ್ಮರಣ ಸಂಚಿಕೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಹೊರಗೆ ಇದನ್ನು ಗಂಭೀರವಾಗಿ ತೆಗೆದುಕೊಂಡವರಿದ್ದಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯ 2010ರಲ್ಲಿ ಸಲ್ಮಾನ್ ರಶ್ದಿಯವರ ಹಳೆಯ ಮ್ಯಾಕಿಂಟಾಷನ್ನು ಎಮ್ಯುಲೇಟರಿನಲ್ಲಿ ಓಡಿಸಿ, ಅವರು ಕರಡು ಬರೆದ ಪರದೆಯನ್ನೇ ಸಂಶೋಧಕರ ಮುಂದಿಟ್ಟಿತು. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಇದೇ ಕ್ರಮವನ್ನು ಹಲವು ಗ್ರಂಥಾಲಯಗಳು ಹಂಚಿಕೊಳ್ಳುವ ಸೇವೆಯಾಗಿ ಬೆಳೆಸಿದೆ. ಕಂಪ್ಯೂಟರಿನಲ್ಲಿ ಬರೆದ ಮೊದಲ ಪೀಳಿಗೆಯ ಕನ್ನಡ ಲೇಖಕರು ಹಾಗೂ ಸಂಪಾದಕರ ಡಿಸ್ಕುಗಳು ಇನ್ನೂ ಮನೆಗಳಲ್ಲಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ರಾಜ್ಯ ಪತ್ರಾಗಾರವೋ ಪೇಜ್‌ಮೇಕರ್, ಎಲ್ಲ ಕನ್ನಡ ಫಾಂಟು, ನುಡಿ, ಬರಹ, ಆಕೃತಿ, ಶ್ರೀಲಿಪಿಗಳನ್ನು ಪರವಾನಗಿ ಸಮೇತ ಕೂರಿಸಿದ ಒಂದೇ ಒಂದು ವಿಎಂ ಸಿದ್ಧಮಾಡಿ ಇಟ್ಟುಕೊಂಡರೆ ಜಿಲ್ಲೆಜಿಲ್ಲೆಯ ಫೈಲುಗಳು ಅದರೊಳಗೆ ಹೋಗಿ ಯೂನಿಕೋಡಾಗಿ ಹೊರಬರಬಹುದು. ಖರ್ಚು ಒಂದು ಲ್ಯಾಪ್‌ಟಾಪಿನದು. ಬೇಕಾದದ್ದು ತಿಳಿದ ಜನ, ಮುಖ್ಯವಾಗಿ ಆ ಕಾಲದ ಡಿಟಿಪಿ ಆಪರೇಟರುಗಳು. ಅವರಲ್ಲಿ ಹಲವರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಯಾವ ಫಾಂಟಿಗೆ ಯಾವ ಕೀಲಿ, ಯಾವ ಅಂಗಡಿ ಯಾವ ತಂತ್ರಾಂಶ ಬಳಸುತ್ತಿತ್ತು ಎಂಬುದು ಅವರ ತಲೆಯಲ್ಲಷ್ಟೇ ಇದೆ.

ಜನ ಎಲ್ಲಿದ್ದಾರೆ ಎಂದು ದೂರ ನೋಡಬೇಕಿಲ್ಲ. ಕುಂದಲಹಳ್ಳಿ ಗೇಟಿನಿಂದ ವೈಟ್‌ಫೀಲ್ಡಿನವರೆಗಿನ ಕಟ್ಟಡಗಳಲ್ಲಿ ಸಾವಿರಾರು ಮಂದಿಗೆ ಇದು ದಿನದ ಕಸುಬು. ಪರದೇಶದ ಬ್ಯಾಂಕಿನ, ವಿಮಾ ಕಂಪನಿಯ ಇಪ್ಪತ್ತು ವರ್ಷದ ಹಿಂದಿನ ವ್ಯವಸ್ಥೆಯಲ್ಲಿ ದೋಷ ಬಂದರೆ ಆಗಿನ ವಿಂಡೋಸನ್ನೇ ವಿಎಂನಲ್ಲಿ ಎಬ್ಬಿಸಿ, ಫೈಲು ಒಳಗೆ ಹಾಕಿ, ದೋಷವನ್ನು ಮರುಕಳಿಸಿ ತೋರಿಸಬಲ್ಲ ಹುಡುಗ ಹುಡುಗಿಯರು ಇಲ್ಲಿದ್ದಾರೆ. ಆ ಜಾಣ್ಮೆಯ ಒಂದು ಚೂರು ಕನ್ನಡದ ಈ ಎರಡು ದಶಕಕ್ಕೆ ಸಿಕ್ಕಿಲ್ಲ ಎಂಬುದೇ ನಮ್ಮ ಲೆಕ್ಕದ ಖರ್ಚಿನ ಬದಿಯ ದೊಡ್ಡ ಮೊತ್ತ. ನಮ್ಮ ಬಳಗದ ಮಟ್ಟಿಗೆ ಅದನ್ನು ತೀರಿಸಲು ಶುರುಮಾಡಿದ್ದೇವೆ. ನಾವು ಸಿದ್ಧಪಡಿಸಿದ ಕ್ರಮವನ್ನು ಬೇಕಾದ ಯಾವ ಕನ್ನಡ ಸಂಘಕ್ಕೂ ಕಲಿಸಿಕೊಡುತ್ತೇವೆ, ಯಾವ ಪತ್ರಿಕೆಯ ಹಳೆಯ ಫೈಲುಗಳನ್ನೂ ನೋಡಿಕೊಡುತ್ತೇವೆ.

ಮನೆಯಲ್ಲಿ ಅಂಥ ಡಿಸ್ಕುಗಳಿದ್ದವರಿಗೆ ಒಂದು ಬಿನ್ನಹ. ಅವನ್ನು ನೀವೇ ಕಂಪ್ಯೂಟರಿಗೆ ಹಾಕಿ ನೋಡಬೇಡಿ. ಬೂಸ್ಟು ಹಿಡಿದ ಫ್ಲಾಪಿ ಒಮ್ಮೆ ತಿರುಗಿದರೆ ಮೇಲ್ಪದರವೇ ಉಜ್ಜಿಹೋಗಬಹುದು. ಹಾಕಲೇಬೇಕಾಗಿ ಬಂದರೆ, ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಕೀಲನ್ನು ಸರಿಸಿ ರಂಧ್ರ ತೆರೆದಿರುವಂತೆ ಮಾಡಿಕೊಳ್ಳಿ, ಆಗ ಅದರ ಮೇಲೆ ಏನೂ ಬರೆಯಲಾಗದು. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಮೇಲಂಟಿಸಿದ ಚೀಟಿಯನ್ನು ಕೀಳಬೇಡಿ, ಅದರ ಮೇಲಿನ ಕೈಬರಹದಲ್ಲಿ ಫಾಂಟಿನ ಹೆಸರು ಬರೆದಿರುವುದುಂಟು. ಪುಟ ಕಟ್ಟಿದವರ ಹೆಸರು, ಅಂಗಡಿ, ವರ್ಷ ನೆನಪಿದ್ದರೆ ಬೇರೊಂದು ಕಾಗದದಲ್ಲಿ ಬರೆದು ಜೊತೆಗಿಟ್ಟು ಬಳಗದ ಯಾವ ಸದಸ್ಯರ ಕೈಗಾದರೂ ಕೊಡಿ.